ತಂತಿಯಲ್ಲಿ ಹೋದ ಒಂದು ‘ಬಿಡಿ’

ನಾನೇ ಜೋಡಿಸಿಕೊಟ್ಟ ಟೆಲಿಫೋನ್ ತಂತಿಯಲ್ಲಿ ಒಬ್ಬ ಮನುಷ್ಯನನ್ನು ಹೊಡೆಯುವ ಸದ್ದನ್ನು ನಾನು ಕೇಳಿದ್ದೇನೆ. ದೊಣ್ಣೆ ಮಾಂಸಕ್ಕೆ ಬಿದ್ದಾಗ ಬರುವ ಸದ್ದು ಬೇರೆ, ಮೂಳೆಗೆ ಬಿದ್ದಾಗ ಬರುವ ಸದ್ದು ಬೇರೆ ಎಂಬುದು ನನಗೆ ತಿಳಿದದ್ದು ಆ ದಿನ.

ಅದು ಎಪ್ಪತ್ತರ ದಶಕದ ಮಧ್ಯಭಾಗ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಹಿರಿಯೂರಿನ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿದ್ದೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಕುರಿ ಸಾಕಿಕೊಂಡಿದ್ದ ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದ ಕಚೇರಿಯಲ್ಲಿ ಬಾಯಿ ತೆರೆಯುವ ಮೊದಲು ಪ್ರತಿ ಮಾತನ್ನೂ ಒಳಗೇ ಒಮ್ಮೆ ತಿದ್ದಿಕೊಳ್ಳುತ್ತಿದ್ದೆ. ‘ಐತೆ’ ಎಂದು ನಾಲಿಗೆಗೆ ಬಂದದ್ದನ್ನು ನುಂಗಿ ‘ಇದೆ’ ಎನ್ನುತ್ತಿದ್ದೆ.

ಕಚೇರಿಯಿಂದ ಕಾಲುವೆಯ ಮೇಲಿನ ತೂಬಿನ ಮನೆಯವರೆಗೆ ಹಳೆಯ ಕಾಲದ ಟೆಲಿಫೋನ್ ತಂತಿಯೊಂದಿತ್ತು. ದಾರಿಯಲ್ಲಿದ್ದ ಇಲಾಖೆಯ ಬಂಗಲೆಯನ್ನೂ ಕೆಳಗಿನ ತೂಬಿನ ಮನೆಯನ್ನೂ ಅದೇ ತಂತಿಗೆ ಸೇರಿಸಬೇಕೆಂದು ನಮ್ಮ ಇಂಜಿನಿಯರ್ ಸಾಹೇಬರು ಬಯಸಿದರು. ಅವರು ಮೈಸೂರಿನ ಕಡೆಯವರು, ಮೃದುವಾದ ಮಾತಿನವರು. ಹೊಸ ತಂತಿಗೆ ಮಂಜೂರಾತಿ ಇರಲಿಲ್ಲ. “ನೀವು ಭೌತಶಾಸ್ತ್ರ ಓದಿದವರಲ್ವೇ, ಇರೋದರಲ್ಲೇ ಮಾಡಿ” ಎಂದರು. ನಾನು ಮಾಡಿದೆ. ಹಿಡಿಕೆ ತಿರುವಿ ಗಂಟೆ ಬಾರಿಸುವ ಹಳೆಯ ಫೋನುಗಳು ಉಗ್ರಾಣದಲ್ಲಿದ್ದವು. ಒಂದು ಕಡೆ ತಿರುವಿದರೆ ನಾಲ್ಕೂ ಕಟ್ಟಡಗಳಲ್ಲಿ ಗಂಟೆ ಮೊಳಗುತ್ತಿತ್ತು. ಒಬ್ಬರು ಮಾತನಾಡಿದರೆ ರಿಸೀವರ್ ಎತ್ತಿದವರಿಗೆಲ್ಲ ಕೇಳುತ್ತಿತ್ತು. ಕರೆ ಯಾರಿಗೆ ಎಂಬುದನ್ನು ಗಂಟೆಯ ಉದ್ದ ಗಿಡ್ಡದಿಂದ ತಿಳಿಯಬೇಕಿತ್ತು. ಆದರೆ ಯಾರ ಗಂಟೆಯಾದರೂ ಎಲ್ಲರೂ ರಿಸೀವರ್ ಎತ್ತುತ್ತಿದ್ದರು.

ಇದ್ದುದು ಒಂದೇ ತಂತಿ. ಎರಡನೆಯ ತಂತಿಯ ಕೆಲಸವನ್ನು ನೆಲವೇ ಮಾಡಬೇಕಿತ್ತು. ಪ್ರತಿ ಕಟ್ಟಡದ ಬಾಗಿಲ ಬಳಿಯೂ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಕೊಳವೆ ಹುಗಿಸಿದೆ. ನೆಲ ಒಣಗಿದರೆ ಮಾತು ಸಣ್ಣಗಾಗುತ್ತಿತ್ತು. ನೀರು ಹುಯ್ದರೆ ಮತ್ತೆ ಸ್ಪಷ್ಟವಾಗುತ್ತಿತ್ತು. ಮೇಲಿನ ತೂಬಿನ ನೀರುಗಂಟಿಗೆ, ಎಂದರೆ ಊರುಗಳ ಪಾಳಿಗೆ ತಕ್ಕಂತೆ ನೀರು ಬಿಡುವ ನೌಕರರಿಗೆ, ಇದು ದೊಡ್ಡ ತಮಾಷೆಯಾಗಿತ್ತು. ಅವರು ನಮ್ಮವರೇ ಆದ ಹಿರಿಯರು. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ.

“ಏನಪ್ಪ ಬಿಯೆಸ್ಸಿ, ಹೊಲಕ್ಕೂ ನೀರು ಬಿಡ್ಬೇಕು, ನಿನ್ ಮಾತಿಗೂ ನೀರು ಬಿಡ್ಬೇಕೇನು?” ಎಂದು ನಕ್ಕಿದ್ದರು. ಆದರೂ ಗುಂಡಿಯ ಪಕ್ಕದಲ್ಲಿ ಒಂದು ಕೊಡ ನೀರನ್ನು ತುಂಬಿಡುತ್ತಿದ್ದರು.

ಗಲಾಟೆಯಾದ ದಿನ ಬೆಳಿಗ್ಗೆ ಮೇಲಿನ ಊರಿನವರ ಪಾಳಿ ಮುಗಿದು, ಮೇಲಿನ ತೂಬು ಮುಚ್ಚಿ, ಕೆಳಗಿನ ಊರಿನವರ ಪಾಳಿ ಆರಂಭವಾಗಿತ್ತು. ಮಧ್ಯಾಹ್ನ ಮೇಲಿನ ತೂಬಿನ ಗಂಟೆ ಬಂತು. ನಾನು ರಿಸೀವರ್ ಎತ್ತಿದೆ. ದೊಡ್ಡಪ್ಪನ ಮಾತು ನೆಲದಡಿಯಿಂದ ಬಂದಂತೆ ಕ್ಷೀಣವಾಗಿತ್ತು.

“ಮೇಲ್ಗಡೆ ಊರೋರು ಬಂದವ್ರೆ. ತೂಬು ಎತ್ತು ಅಂತಾರೆ. ಬಾಗ್ಲು ಹಾಕ್ಕಂಡು ಒಳಗೆ ಕುಂತೀನಿ. ಏನ್ ಮಾಡ್ಲಿ ಹೇಳ್ರಿ.”

ಅವರ ಹಿಂದೆ ಬಾಗಿಲಿಗೆ ಕಲ್ಲು ಬೀಳುತ್ತಿತ್ತು. ಗಾಜು ಒಡೆಯಿತು. “ಲೇ ಮುದ್ಯಾ, ಎತ್ತಲೇ! ಇಲ್ಲಾಂದ್ರೆ ನಿನ್ನೇ ಕಾಲುವೆಗೆ ಹಾಕ್ತೀವಿ” ಎಂಬ ಕೂಗು. ಕಿಟಕಿಯ ಕಂಬಿಗಳ ನಡುವೆ ಕೋಲು ತೂರಿ ತಿವಿದರೆಂದು ಕಾಣುತ್ತದೆ. ದೊಡ್ಡಪ್ಪ ‘ಅವ್ವಾ’ ಎಂದರು. ನಾನು ಸಾಹೇಬರಿಗೆ ವಿಷಯ ತಿಳಿಸಿದೆ. ಅವರು ಪೊಲೀಸರನ್ನು ಕರೆತರಲು ಜೀಪನ್ನು ಹಿರಿಯೂರಿಗೆ ಅಟ್ಟಿ, ನನ್ನ ಕೈಯಿಂದ ರಿಸೀವರನ್ನು ತೆಗೆದುಕೊಂಡರು. ನಾನೂ ಅದರ ಹತ್ತಿರ ಕಿವಿಯಿಟ್ಟು ನಿಂತೆ.

“ನೋಡಿ ಯಜಮಾನರೇ, ತೂಬು ಬಿಟ್ಬಿಡಿ. ಹಿಂದಿನ ಕಿಟಕಿಯಿಂದ ಇಳಿದು ಬಂದ್ಬಿಡಿ” ಎಂದರು.

ತೂಬಿನ ಗೊಡವೆ ಬಿಟ್ಟು ಪ್ರಾಣ ಉಳಿಸಿಕೊಳ್ಳಿ ಎಂಬುದು ಅವರ ಅಭಿಪ್ರಾಯ. ನಮ್ಮ ಕಡೆ ತೂಬು ಬಿಡುವುದೆಂದರೆ ನೀರು ಬಿಡುವುದು. ಎರಡನೆಯ ವಾಕ್ಯ ಒಣ ನೆಲದಲ್ಲಿ ಇಂಗಿಹೋಯಿತು. ಮೊದಲನೆಯದು ಮಾತ್ರ ತಲುಪಿತು.

“ಆಗ್ಲಿ ಸಾಮಿ” ಎಂದ ದೊಡ್ಡಪ್ಪ ತೂಬಿನ ಚಕ್ರ ತಿರುವುವ ಸದ್ದು ಕೇಳಿಸಿತು. ಹೊರಗೆ ಗುಂಪು ಕೇಕೆ ಹಾಕಿತು. ಸಾಹೇಬರು ರಿಸೀವರನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಅದೇ ತಂತಿಯಲ್ಲಿ, ಬೇರೊಂದು ಕಡೆಯಿಂದ, ಬೇರೊಬ್ಬನ ದನಿ ದೊಡ್ಡದಾಗಿ ಕೇಳಿತು: “ಕೇಳಿದ್ರೇನ್ರಲೇ? ನಮ್ ನೀರ್ನ ಅವ್ರಿಗೆ ಬಿಡಿಸಿಬಿಟ್ರು! ನಡೀರಿ, ಹೋಗಾಣ!”

ಅದು ಕೆಳಗಿನ ತೂಬಿನ ಮನೆ. ತಮ್ಮ ಪಾಳಿಯ ನೀರಿಗಾಗಿ ಅಲ್ಲಿ ಕಾದಿದ್ದವರು ರಿಸೀವರಿಗೆ ಕಿವಿಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ನಾನು ಮತ್ತೆ ಮತ್ತೆ ಹಿಡಿಕೆ ತಿರುವಿದೆ. ಮೇಲಿನವರು ನೀರಿನ ಹಿಂದೆ ತಮ್ಮ ಹೊಲಗಳಿಗೆ ಹೋಗಿಯಾಗಿತ್ತು. ಗಂಡಾಂತರ ಕಳೆಯಿತೆಂದು ಬಾಗಿಲು ತೆಗೆದು ಕುಳಿತಿದ್ದ ದೊಡ್ಡಪ್ಪ ಬಹಳ ಹೊತ್ತಿನ ಮೇಲೆ ರಿಸೀವರ್ ಎತ್ತಿದರು. “ಎದೆಗೆ ತಿವಿದವ್ರೆ, ನೋವೈತೆ” ಎಂದರು. ನಾನು “ಕೆಳಗಿನವರು ಬರುತ್ತಿದ್ದಾರೆ, ನೀವು ಕೂಡಲೇ ಅಲ್ಲಿಂದ ಹೊರಡಬೇಕು” ಎಂದೆ. “ಆಂ? ಏನಂದೆ?” ಎಂದರು. ಅಷ್ಟರಲ್ಲಿ ಕೆಳಗಿನವರು ಒಳಗೆ ನುಗ್ಗಿದರು. ರಿಸೀವರ್ ಗೋಡೆಗೆ ಬಡಿದುಕೊಂಡು ನೇತಾಡತೊಡಗಿತು.

“ಯಾವನ್ ನೀರಲೇ ಅದು? ನಿಮ್ಮಪ್ಪಂದೇನು?”

“ಆಫೀಸ್ನೋರು ಹೇಳಿದ್ರಪ್ಪಾ...”

ಏಟು. ಮತ್ತೆ ಏಟು. ಎಲ್ಲವೂ ದೂರದಲ್ಲಿ ಮಂಕಾಗಿ ಕೇಳುತ್ತಿತ್ತು. ಅವರನ್ನು ಬಾಗಿಲ ಹೊರಗೆ ಎಳೆದರು. ಮಣ್ಣಿನ ಕೊಡ ಒಡೆದ ಸದ್ದಾಯಿತು. ನೀರು ಗುಂಡಿಗೆ ಇಳಿದಿರಬೇಕು. ಮರುಕ್ಷಣವೇ ಆ ಸದ್ದುಗಳೆಲ್ಲ ನಮ್ಮ ಮೇಜಿನ ಪಕ್ಕದಲ್ಲೇ ನಡೆಯುತ್ತಿರುವಂತೆ ಸ್ಪಷ್ಟವಾದವು. ಹೊಡೆಯುವವರ ಏದುಸಿರು ಕೇಳಿತು. ಮೂಳೆ ಮುರಿದದ್ದು ಕೇಳಿತು. ದೊಡ್ಡಪ್ಪ ಕೂಗುವುದನ್ನು ನಿಲ್ಲಿಸಿದ್ದು ಕೇಳಿತು. ಸಾಹೇಬರು ಕಿವಿ ಮುಚ್ಚಿಕೊಂಡರು.

ನಾನು ಹಿಡಿಕೆಯನ್ನು ಕೈ ಸೋಲುವಂತೆ ತಿರುವಿದೆ. ಆ ತುದಿಯಲ್ಲಿ ರಿಸೀವರ್ ಕರಕರ ಕಿರುಚಿತು. ಒಬ್ಬನು ಅದನ್ನು ಎತ್ತಿಕೊಂಡನು.

“ಯಾವನಲೇ ನೀರು ಬಿಡು ಅಂದೋನು?”

ಸಾಹೇಬರು ಬೇಡವೆಂದು ಕೈಯಾಡಿಸಿದರು. ಉತ್ತರ ಕೊಟ್ಟರೆ ಗುಂಪು ಇಲ್ಲಿಗೆ ಬರುತ್ತದೆ, ಕೊಡದಿದ್ದರೆ ಅಲ್ಲೇ ನಿಲ್ಲುತ್ತದೆ. ನನಗೂ ಇದು ತಿಳಿದಿತ್ತು. ವಾಕ್ಯವನ್ನು ತಿದ್ದಿಕೊಳ್ಳಲು ಸಮಯವಿರಲಿಲ್ಲ.

“ನಾವೇ ಅಂದಿದ್ದು ಕಣ್ರಪ್ಪ, ಆಫೀಸ್ನೋರು. ಅವ್ರುದೇನೂ ತಪ್ಪಿಲ್ಲ. ಅವ್ರುನ್ನ ಬಿಟ್ಬಿಡ್ರಿ, ನಿಮ್ ಕಾಲಿಗ್ ಬೀಳ್ತೀನಿ.”

ಆ ಕಡೆಯವನು “ಅಲ್ಲೇ ಇರಲೇ. ಬಂದ್ವಿ” ಎಂದ.

ಅವರು ಬಂದರು. ಮೊದಲು ಹೆಂಚಿನ ಮೇಲೆ ಕಲ್ಲು, ಬಳಿಕ ಕಿಟಕಿ, ಬಳಿಕ ಬಾಗಿಲು. ಸಾಹೇಬರ ಕನ್ನಡಕವನ್ನು ಮುಖದ ಮೇಲೆಯೇ ಒಡೆದರು. “ಫೋನ್ ಮಾಡಿದೋನು ಯಾವನು?” ಎಂದು ಕೇಳಿದಾಗ ನಾನು ಬಾಯಿ ತೆರೆದೆ; ನನ್ನ ದನಿಯೇ ನನ್ನನ್ನು ಹಿಡಿದುಕೊಟ್ಟಿತು. ನೆತ್ತಿಯ ಮೇಲೆ ಬಿದ್ದ ಏಟು ನೆನಪಿದೆ. ಬಾಯಿಗೆ ಇಳಿದ ರಕ್ತದ ಉಪ್ಪು ನೆನಪಿದೆ. ಒಬ್ಬನು ಫೋನನ್ನು ಗೋಡೆಯಿಂದ ಕಿತ್ತು ಅದರಿಂದಲೇ ನನ್ನ ಬೆನ್ನಿಗೆ ಹೊಡೆದನು. ಜೀಪು ಪೊಲೀಸರೊಡನೆ ಬಂದಾಗ ಕಚೇರಿಯಲ್ಲಿ ಒಡೆಯಲು ಏನೂ ಉಳಿದಿರಲಿಲ್ಲ.

ದುರ್ಗದ ಆಸ್ಪತ್ರೆಯಲ್ಲಿ ದೊಡ್ಡಪ್ಪನಿಗೂ ನನಗೂ ಒಂದೇ ವಾರ್ಡು. ಬಲಗೈ ಮತ್ತು ಪಕ್ಕೆಲುಬುಗಳು ಮುರಿದಿದ್ದರೂ ಅವರು ಉಳಿದುಕೊಂಡಿದ್ದರು. ಸಾಹೇಬರು ಹೊಸ ಕನ್ನಡಕದಲ್ಲಿ ನೋಡಲು ಬಂದು, ಇನ್ನು ಮುಂದೆ ಫೋನಿನಲ್ಲಿ ‘ಬಿಡಿ’ ಎಂಬ ಮಾತನ್ನು ಯಾರೂ ಬಳಸಕೂಡದೆಂದೂ ‘ತೆರೆಯಿರಿ’, ‘ಮುಚ್ಚಿರಿ’ ಎಂದೇ ಹೇಳತಕ್ಕದ್ದೆಂದೂ ಆದೇಶ ಹೊರಡಿಸಿರುವುದಾಗಿ ತಿಳಿಸಿದರು. ದೊಡ್ಡಪ್ಪ ವಿನಯದಿಂದ ಕೇಳಿಸಿಕೊಂಡರು. ಸಾಹೇಬರು ಹೋದ ಮೇಲೆ ನನ್ನ ಕಡೆ ಹೊರಳಿದರು.

“ಸದ್ಯ, ಅವತ್ತು ಸಾಹೇಬ್ರು ತೆರೀರಿ ಅನ್ನಲಿಲ್ಲ ಕಣಪ್ಪ.”

“ಏಕೆ ದೊಡ್ಡಪ್ಪ?”

“ಆ ಸೂಳೇಮಕ್ಳು ಕಲ್ಲು ಹಿಡ್ಕಂಡು ಹೊರಗಡೆ ನಿಂತಿದ್ರು. ನಾನು ಬಾಗ್ಲು ತೆರೆದುಬಿಡ್ತಿದ್ದೆ.”

ಅವರು ನಗಲು ಹೋಗಿ ಪಕ್ಕೆ ಹಿಡಿದುಕೊಂಡರು. ನನಗೂ ನೆತ್ತಿಯ ಹೊಲಿಗೆ ಎಳೆಯಿತು. “ನಗಿಸಬ್ಯಾಡ್ರಿ ದೊಡ್ಡಪ್ಪ, ನೋವೈತೆ” ಎಂದೆ.