ಭಾನುಮತಿ ಬಡಿಸಿದ ಶುದ್ಧ ಊಟ

ಧಾರವಾಡದ ಭಾನುಮತಿ ಅಮೆರಿಕದ ಟೆಕ್ಸಸ್‌ನಲ್ಲಿರುವ ರೌಂಡ್ ರಾಕ್‌ಗೆ ಬಂದದ್ದು ೧೯೯೮ರಲ್ಲಿ. ಗಂಡ ಪ್ರಭಂಜನನಿಗೆ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆಕೆಯ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ಟೀವಿ ನೋಡಿಕೊಂಡು ಎಷ್ಟು ದಿನ ಕೂತಾಳು? ಪಕ್ಕದ ಆಸ್ಟಿನ್ ನಗರದ ಪುಟ್ಟ ಮ್ಯೂಸಿಯಂ ಒಂದಕ್ಕೆ ಹೋಗಿ, ಶನಿವಾರಗಳಲ್ಲಿ ಪುಕ್ಕಟೆ ಗೈಡ್ ಆಗಿ ಸೇರಿಕೊಂಡಳು.

ಮೆಕ್ಸಿಕೋವನ್ನು ಸ್ಪೇನ್ ಮುನ್ನೂರು ವರ್ಷ ಆಳಿದ ಕಥೆ ಹೇಳುವ ಮ್ಯೂಸಿಯಂ ಅದು. ಟೆಕ್ಸಸ್ ಕೂಡ ಆಗ ಆ ರಾಜ್ಯದ ಒಂದು ಮೂಲೆ. ಬೆಳ್ಳಿಯ ಗಣಿ, ಪಾದ್ರಿಗಳ ಮಠ, ದನದ ಹಿಂಡು, ಹಡಗು ಹತ್ತಿ ಹೋದ ಮೆಣಸಿನಕಾಯಿ ಬೀಜ, ಎಲ್ಲವನ್ನೂ ಭಾನುಮತಿ ತನ್ನ ಮನೆತನದ ಜಗಳ ಹೇಳಿದಷ್ಟು ರಸವತ್ತಾಗಿ ಹೇಳುತ್ತಿದ್ದಳು. ಆಕೆಯ ಮುಖ ನೋಡಿದವರು ಸ್ಪ್ಯಾನಿಷ್‌ನಲ್ಲೇ ಮಾತಿಗಿಳಿಯುತ್ತಿದ್ದರು. ಜೊತೆಗೆ ಗೈಡ್ ಆಗಿದ್ದ ಮೆಕ್ಸಿಕೋದ ಗೆಳತಿ ಕೊನ್ಸುವೆಲೋಳಿಂದ ವರ್ಷದೊಳಗೆ ಆ ಭಾಷೆಯನ್ನೂ ಕಲಿತಳು. "ಮೆಕ್ಸಿಕೋದಲ್ಲಿ ನಿಮ್ಮೂರು ಯಾವುದು?" ಎಂದರೆ "ಧಾರವಾಡ, ಸ್ವಲ್ಪ ದೂರ" ಎಂದು ಗಂಭೀರವಾಗಿ ಉತ್ತರಿಸುತ್ತಿದ್ದಳು.

೨೦೦೨ರ ದೀಪಾವಳಿಗೆ ಕನ್ನಡಿಗರೆಲ್ಲ ಸೇರಿ ಮಧ್ಯಾಹ್ನದ ಊಟ ಇಟ್ಟುಕೊಂಡರು. ಸಂಘದ ಅಧ್ಯಕ್ಷ ಮೈಸೂರಿನ ಶ್ಯಾಮಸುಂದರ. ಮೈಕು ಸಿಕ್ಕರೆ ಬಿಡದ ಮನುಷ್ಯ.

"ಈ ಸಲ ಶುದ್ಧ ನಮ್ಮ ಊಟ ಕಣ್ರೀ," ಎಂದು ಆತ ಸಭೆಯಲ್ಲಿ ಘೋಷಿಸಿದ. "ಪಾಸ್ತಾ, ಪಿಜ್ಜಾ ಏನೂ ಬೇಡ. ಐದು ಸಾವಿರ ವರ್ಷದ ಅಡುಗೆ ನಮ್ಮದು. ಹೊರಗಿನದು ಒಂದೂ ಬರಕೂಡದು."

"ಒಂದೂ ಬ್ಯಾಡೇನ್ರಿ?" ಭಾನುಮತಿ ಕೇಳಿದಳು. "ಖರೇನ?"

"ಒಂದೂ ಬೇಡ!"

"ಹಂಗಾದ್ರ ಅಡಿಗಿ ನನಗ ಬಿಡ್ರಿ."

ಹಬ್ಬದ ದಿನ ನೂರೈವತ್ತು ಜನ ಎಲೆಯ ಮುಂದೆ ಕೂತರು. ಅನ್ನ, ತೊವ್ವೆ, ಕಾಳುಮೆಣಸಿನ ಸಾರು, ಬದನೆಕಾಯಿ ಪಲ್ಯ, ಜೋಳದ ರೊಟ್ಟಿ, ಗೋಡಂಬಿ ಕಾಣದ ಪಾಯಸ ಬಂದವು. ರೊಟ್ಟಿಗೆ ಶೇಂಗಾ ಚಟ್ನಿ ಇಲ್ಲ. ಸಾರಿನಲ್ಲಿ ಟೊಮ್ಯಾಟೊ ಇಲ್ಲ. ಹುಡುಗಿಯೊಬ್ಬಳು "ಆಂಟಿ, ನೋ ಪೊಟ್ಯಾಟೋ?" ಎಂದು ಅಳುಮೋರೆ ಮಾಡಿದಳು.

ಶ್ಯಾಮಸುಂದರ ಎರಡು ತುತ್ತು ನುಂಗಿ, ದನಿ ತಗ್ಗಿಸಿ ಕೇಳಿದ. "ಭಾನುಮತಿಯವರೇ, ಒಂದು ಹಸಿಮೆಣಸಿನಕಾಯಿ ಸಿಗುತ್ತಾ?"

"ಅದು ಪರದೇಶದ್ದು ರೀ! ಮೆಕ್ಸಿಕೋ ಕಡೀದು. ನಮ್ಮ ಮೆಣಸಿನ ಹೆಸರು ಇಟಗೊಂಡು ನಮ್ಮ ಮನಿ ಹೊಕ್ಕದ. ಬಟಾಟಿ, ಟೊಮ್ಯಾಟೊ, ಶೇಂಗಾ, ಗೋಡಂಬಿ, ಎಲ್ಲಾ ಅಮೆರಿಕಾ ಖಂಡದವ. ನೀವ ಬ್ಯಾಡ ಅಂದ್ರಲ್ಲ."

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ನಗು ಎಲೆಯಿಂದ ಎಲೆಗೆ ಹಬ್ಬಿತು. ಆಗಲೇ ಅಡುಗೆಮನೆಯಿಂದ ಕೊನ್ಸುವೆಲೋ ದೊಡ್ಡ ಪಾತ್ರೆ ಹೊತ್ತು ಹೊರಬಂದಳು. ಟೊಮ್ಯಾಟೊ, ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಕೊಚ್ಚಿ ಮಾಡಿದ ಅವಳೂರಿನ ಸಾಲ್ಸಾ. ಜನ ಎಲೆ ಬಿಟ್ಟು ಎದ್ದು ಸಾಲು ನಿಂತರು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು. ಮೂರು ಸಲ ಹಾಕಿಸಿಕೊಂಡು, ಕಣ್ಣೀರು ಒರೆಸಿಕೊಂಡು, "ಥೇಟ್ ನಮ್ಮ ಕೋಸಂಬರಿ" ಎಂದರು.

ಅಧ್ಯಕ್ಷರು ಮುನಿಸಿಕೊಂಡಿರಬಹುದೆಂದು ಭಾನುಮತಿಗೆ ಅಳುಕಿತ್ತು. ಆದರೆ ಮುಂದಿನ ಶನಿವಾರ ಶ್ಯಾಮಸುಂದರ ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ಹಿಡಿದು ನಿಂತಿದ್ದ. ಎರಡು ಗಂಟೆ ಬಾಯಿ ಬಿಡದೆ ಎಲ್ಲವನ್ನೂ ಕೇಳಿಸಿಕೊಂಡ. ಹಡಗುಗಳ ದಾರಿ ತೋರಿಸುವ ನಕ್ಷೆಯ ಮುಂದೆ ಆತನ ಮುಖ ಬಾಡಿತು.

"ಸಬ್ಬಕ್ಕಿ ಕೂಡ ಆ ಕಡೆಯದೇನಾ?"

"ಅದನ್ನ ಮಾಡೋದು ಮರಗೆಣಸಿನಿಂದ. ಆ ಗಿಡ ಅಲ್ಲೀದ ರೀ."

"ನಮ್ಮಮ್ಮ ಏಕಾದಶಿಗೆ ಸಬ್ಬಕ್ಕಿ, ಆಲೂಗಡ್ಡೆ, ಕಡಲೆಕಾಯಿ, ಹಸಿಮೆಣಸಿನಕಾಯಿ ಬಿಟ್ಟು ಬೇರೇನೂ ಮುಟ್ಟಲ್ಲ. ನಲವತ್ತು ವರ್ಷದ ವ್ರತ. ಈಗ ಅವರಿಗೆ ಏನು ಹೇಳ್ಲಿ?"

ಭಾನುಮತಿ ಅತ್ತಿತ್ತ ನೋಡಿ ದನಿ ಇಳಿಸಿದಳು. "ಹೇಳಬ್ಯಾಡ್ರಿ. ನಮ್ಮ ಅತ್ತಿಯವರಿಗೆ ನಾನೂ ಹೇಳಿಲ್ಲ."