ಅಕ್ಕನಿಗೆ ಸೂರ್ಯಾಸ್ತ ತೋರಿಸಿದೆವು

ಹೋದ ಭಾನುವಾರ ನನ್ನ ವಾಟ್ಸಾಪ್ ಸ್ಟೇಟಸ್ ನೋಡಿದವರಲ್ಲಿ ಮೊದಲು ಕ್ಷಮೆ ಕೇಳಿಬಿಡುತ್ತೇನೆ.

ಕೆಂಪು ಸೂರ್ಯ, ಹೊಳೆಯುವ ನೀರು, ಬೋಟಿನ ಮೂತಿಗೆ ಕಟ್ಟಿದ ಚೆಂಡುಹೂವಿನ ಹಾರ. ಕೆಳಗೆ 'ಫ್ಯಾಮಿಲಿ ಟೈಮ್' ಅಂತ ಬರೆದವಳೂ ನಾನೇ. ಮರುದಿನ ಸುಂಟಿಕೊಪ್ಪದಲ್ಲಿ ನನ್ನ ಮೆಡಿಕಲ್ ಶಾಪಿನ ಶಟರ್ ಎತ್ತುವಷ್ಟರಲ್ಲಿ ಶುರುವಾಯಿತು. "ಎಲ್ಲಿ ಮೇಡಂ, ಗೋವಾನಾ?" "ಎಂಜಾಯ್ ಮಾಡಿದ್ರಾ?" "ನಮ್ಗೂ ಬೋಟಿನ ನಂಬರ್ ಕೊಡಿ." ಕೆಮ್ಮಿನ ಸಿರಪ್ ತಗೊಳ್ಳಲು ಬಂದವರೂ ಬೋಟಿನ ವಿಷಯ ಕೇಳಿದರು. ನಾನು ಎಲ್ಲರಿಗೂ ನಕ್ಕೆ. ಹದಿನೆಂಟು ವರ್ಷ ಕೌಂಟರಿನ ಹಿಂದೆ ನಿಂತವಳಿಗೆ ನಗುವುದು ಕಷ್ಟವಲ್ಲ.

ಗೋವಾ ಅಲ್ಲ, ಶ್ರೀರಂಗಪಟ್ಟಣ. ಎಂಜಾಯ್ ಮಾಡಲಿಲ್ಲ. ಆ ಬೋಟಿನಲ್ಲಿ ನಾವು ಮಾಡಿದ್ದು ಮೋಸ. ಅದೂ ಸ್ವಂತ ಅಕ್ಕನಿಗೆ.

ನನ್ನ ಅಕ್ಕ ಲಲಿತಳನ್ನು ಮದುವೆ ಮಾಡಿ ಕೊಟ್ಟದ್ದು ಮಾದಾಪುರದ ಮೇಲಿನ ಒಂದು ಊರಿಗೆ. ಗುಡ್ಡ ಜರಿದ ಆ ಮಳೆಗಾಲ ನೆನಪಿದೆಯಲ್ಲ? (ನೆನಪಿಲ್ಲದವರು ಕೊಡಗಿನಲ್ಲಿ ಯಾರಿದ್ದಾರೆ?) ಎಲ್ಲರೂ ಮನೆ ಬಿಟ್ಟು ರಸ್ತೆಗೆ ಬಂದು ನಿಂತಿದ್ದಾಗ ಭಾವ, "ಕೊಟ್ಟಿಗೆ ದನ ಬಿಚ್ಚಿ ಬಂದ್ಬಿಡ್ತೀನಿ" ಅಂತ ಮತ್ತೆ ಹತ್ತಿದರು. ಬಿಚ್ಚಿದ್ದು ನಿಜ. ಎರಡು ದನ, ಒಂದು ಕರು ಕೆಸರು ಮೆತ್ತಿಕೊಂಡು ಕೆಳಗೆ ಬಂದವು. ಭಾವ ಬರಲಿಲ್ಲ. ಹಿಂದೆಯೇ ಅರ್ಧ ಗುಡ್ಡ ಬಂದು ಹೊಳೆಗೆ ಬಿತ್ತು.

ದಿನಗಟ್ಟಲೆ ಮಣ್ಣು ಅಗೆದರು. ಬೇರೆಯವರು ಸಿಕ್ಕಿದರು, ಭಾವ ಸಿಗಲಿಲ್ಲ. ಸರ್ಕಾರದ ಕಾಗದದಲ್ಲಿ ಅವರು ಎಂದೋ ಸತ್ತಿದ್ದಾರೆ. ಅಕ್ಕ ಆ ಕಾಗದವನ್ನು ಮುಟ್ಟಿಯೂ ನೋಡಿಲ್ಲ. ಯಾರಾದರೂ ಲಿಸ್ಟ್ ಹಿಡಿದುಕೊಂಡು ಮನೆಗೆ ಬಂದು ಯಜಮಾನರೆಲ್ಲಿ ಅಂತ ಕೇಳಿದರೆ ಅವಳದು ಒಂದೇ ಉತ್ತರ: "ಅವರು ಊರಲ್ಲಿಲ್ಲ."

ಭಾವನಿಗೆ ಬಿಪಿ ಇತ್ತು. ಅಕ್ಕ ಈಗಲೂ ಅವರ ಮಾತ್ರೆಯ ಒಂದು ಸ್ಟ್ರಿಪ್ ಮನೆಯಲ್ಲಿಟ್ಟಿರುತ್ತಾಳೆ. ಡೇಟ್ ಮುಗಿಯುವ ಮೊದಲು ನನ್ನ ಅಂಗಡಿಗೆ ಬಂದು ಬದಲಾಯಿಸಿಕೊಂಡು ಹೋಗುತ್ತಾಳೆ. "ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು, ಬಂದ ತಕ್ಷಣ ಬೇಕಾಗ್ತದೆ ಕಣೇ" ಅನ್ನುತ್ತಾಳೆ. ನಾನು ಹಳೆಯದು ತಗೊಂಡು ಹೊಸದು ಕೊಡುತ್ತೇನೆ. ಏನಂತ ಹೇಳಲಿ? ನಿಮಗೆ ಗೊತ್ತಿದ್ದರೆ ನೀವೇ ಬಂದು ಹೇಳಿ.

ಇನ್ನೊಂದು ವಿಷಯ ಹೇಳಬೇಕು. ಅಕ್ಕ ಗಂಡನ ಹೆಸರು ಹೇಳುವವಳಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಅಂತ ಅವಳ ಅತ್ತೆ ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಬ್ಯಾಂಕಿನಲ್ಲಿ ಕೇಳಿದರೆ ರೇಷನ್ ಕಾರ್ಡ್ ಮುಂದೆ ಹಿಡಿಯುತ್ತಾಳೆ, ಓದಿಕೊಳ್ಳಿ ಅಂತ. (ನಾನು ನನ್ನ ಗಂಡನ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುತ್ತೇನೆ. ಆಯುಸ್ಸಿಗೇನೂ ಆಗಿಲ್ಲ, ಕಿವಿ ಮಾತ್ರ ಮಂದವಾಗಿದೆ.) ಐವತ್ತು ದಾಟಿದ ಹೆಂಗಸು, ಫೋನಿನಲ್ಲಿ ವಿಡಿಯೋ ಕಾಲ್ ಮಾಡುತ್ತಾಳೆ, ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳಾಡುತ್ತಾಳೆ. ಇದೊಂದನ್ನು ಮಾತ್ರ ಬಿಟ್ಟವಳಲ್ಲ.

ಹೀಗೇ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಮಗಳು ದೀಪಾಳಿಗೆ ಸಂಬಂಧ ಕೂಡಿಬಂತು. ದೀಪಾ ಕುಶಾಲನಗರದಲ್ಲಿ ನರ್ಸ್. ಹುಡುಗ ಶನಿವಾರಸಂತೆ ಕಡೆಯವನು, ಒಳ್ಳೆಯವನು. ಅವನ ಸೋದರಮಾವ ಮಾತ್ರ ಎಲ್ಲ ಕೆದಕುವ ಮನುಷ್ಯ. ಮಾತುಕತೆ ಮುಗಿದು ಕಾಫಿ ಲೋಟ ಕೆಳಗಿಡುತ್ತಾ ಕೇಳಿದರು: "ಹುಡುಗಿ ತಂದೆಯವರದ್ದು ಕರ್ಮ ಎಲ್ಲ ಆಗಿದೆ ತಾನೆ? ಅದಾಗದೆ ಶುಭಕಾರ್ಯ ಹೆಂಗೆ?"

ಆಗಿರಲಿಲ್ಲ. ಅಕ್ಕ ಮಾಡಲು ಬಿಟ್ಟಿರಲಿಲ್ಲ. "ಬದುಕಿರೋರಿಗೆ ತಿಥಿ ಮಾಡ್ತೀರೇನ್ರೋ?" ಅಂತ ಒಮ್ಮೆ ಭಾವನ ತಮ್ಮನನ್ನೇ ಮನೆಯಿಂದ ಹೊರಗೆ ಕಳಿಸಿದ್ದಳು.

ಆಗ ನಮ್ಮ ತಲೆ ಓಡಿತು. ನಮ್ಮ ಅಂದರೆ ಅಣ್ಣ, ನಾನು, ಭಾವನ ತಮ್ಮ. ಶ್ರೀರಂಗಪಟ್ಟಣದ ಒಂದು ಹಳೆಯ ಸ್ನಾನಘಟ್ಟದಲ್ಲಿ ಪುರೋಹಿತರನ್ನು ಗೊತ್ತು ಮಾಡುವುದು. ಭಾವನ ತಮ್ಮ ಮುಂಚೆಯೇ ಹೋಗಿ ಅಲ್ಲಿ ಕಾದಿರುವುದು. ಹೆಂಡತಿ ಇಲ್ಲದೆ ಮಾಡಿದರೆ ಹುಡುಗನ ಕಡೆಯವರು ಒಪ್ಪುವುದಿಲ್ಲ. ಅಕ್ಕನನ್ನು ಕರೆದೊಯ್ಯುವುದು ಹೇಗೆ? ಅದಕ್ಕೆ ಐಡಿಯಾ ಕೊಟ್ಟವಳು ನಾನು. ಯಾವುದೋ ರೀಲ್ಸ್‌ನಲ್ಲಿ ನೋಡಿದ್ದೆ, 'ಪ್ರೈವೇಟ್ ಸನ್‌ಸೆಟ್ ಕ್ರೂಸ್'. ಪ್ರೈವೇಟೇ ಯಾಕೆ? ಬೇರೆಯವರೆದುರು ಅಳಬಾರದು ಅಂತ ಅಣ್ಣನಿಗೆ ಹೇಳಿದೆ. ನಿಜ ಹೇಳಬೇಕೆಂದರೆ, ನಡುನೀರಿನಲ್ಲಿ ಗೊತ್ತಾದರೆ ಎದ್ದು ಹೋಗಲು ಆಗುವುದಿಲ್ಲ ಅಂತ.

ಪುರೋಹಿತರು ಇದೆಲ್ಲ ಬೆಳಿಗ್ಗೆ ಆಗಬೇಕಾದದ್ದು ಅಂದರು. ಆಮೇಲೆ ಸೂರ್ಯ ಮುಳುಗುವುದರೊಳಗೆ ಬಂದರೆ ಸುಧಾರಿಸೋಣ ಅಂದರು. ನಮ್ಮ ಶಾಸ್ತ್ರಕ್ಕೂ ಅಡ್ಜಸ್ಟ್ ಮಾಡಿಕೊಳ್ಳುವುದು ಗೊತ್ತಿದೆ. ಹೆಂಗಸರ ವಿಷಯದಲ್ಲಿ ಮಾತ್ರ ಅದಕ್ಕೆ ಮರೆತುಹೋಗುತ್ತದೆ.

ಅಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಮಡಿಕೇರಿ ದಸರಾಕ್ಕೂ ಹೊರಡದವಳು. ಆದರೆ ಶ್ರೀರಂಗಪಟ್ಟಣ, ಕಾವೇರಿ, ಬೋಟು ಅಂದ ಕೂಡಲೇ ಅವಳು, "ದಂಡೆ ಪಕ್ಕದಲ್ಲೇ ಹೋಗ್ತದಾ?" ಅಂದಳು. ಹೌದು ಅಂದೆ. "ಹಂಗಾದ್ರೆ ಬತ್ತೀನಿ." ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಅಂತ ನನಗೆ ಖುಷಿಯೂ ಆಯಿತು. ಎಂಥ ಮೂರ್ಖಳು ನಾನು!

ಕ್ರೂಸ್ ಅಂದರೆ ಹೆದರಬೇಡಿ. ಮೋಟಾರ್ ಕಟ್ಟಿದ ಒಂದು ಫೈಬರ್ ಬೋಟು, ಹೂವಿನ ಚಿತ್ತಾರದ ಕುಶನ್, ಹಾಡು ಹೇಳುವ ಡಬ್ಬಿ. ನಡೆಸುವವರು ನಡುವಯಸ್ಸಿನವರು, ಆ ಊರಿನವರೇ. ಕೋಟೆಗೋಡೆ ತೋರಿಸಿದರು, ರಾಜರ ಕಥೆ ಹೇಳಿದರು, ಯಾವ ಕಡೆಯಿಂದ ಫಿರಂಗಿ ಹೊಡೆದರು ಅಂತ ಕೈ ಚಾಚಿದರು. ನಾನು ಫೋಟೋ ತೆಗೆದೆ, ಸ್ಟೇಟಸ್ ಹಾಕಿದೆ. ಅಕ್ಕ ಮುಂದೆ ಕುಳಿತಿದ್ದಳು. ಸೂರ್ಯನ ಕಡೆಗೂ ನೋಡಲಿಲ್ಲ, ಕೋಟೆಯ ಕಡೆಗೂ ನೋಡಲಿಲ್ಲ. ಅವಳ ಕಣ್ಣೆಲ್ಲ ದಂಡೆಯ ಮೇಲೆ. ಬಟ್ಟೆ ಒಗೆಯುವವರು, ಗಾಳ ಹಾಕಿ ಕೂತವರು, ಮರದ ಕೆಳಗೆ ಮಲಗಿದವರು, ಒಬ್ಬೊಬ್ಬರನ್ನೂ ಬಗ್ಗಿ ನೋಡುತ್ತಿದ್ದಳು.

"ಮಳೆಗಾಲದಲ್ಲಿ ಮೇಲಿಂದ ಏನೇನ್ ಬತ್ತದೆ ಇಲ್ಲಿಗೆ?" ಅಂತ ಬೋಟಿನವರನ್ನು ಕೇಳಿದಳು.

"ಎಲ್ಲಾ ಬತ್ತದೆ ಕನವ್ವ. ಮರ ಬತ್ತದೆ, ದನ ಬತ್ತವೆ. ಒಂದ್ಸಲ ಗ್ಯಾಸ್ ಸಿಲಿಂಡರ್ ಬಂದಿತ್ತು."

"ಮನುಷ್ಯರು?"

ಅವರು ಹಾಡಿನ ಡಬ್ಬಿ ನಿಲ್ಲಿಸಿದರು. "ಒಂದೊಂದ್ಸಲ."

"ಜೀವ ಇರೋರು?"

ಬೋಟಿನವರು ನನ್ನ ಮುಖ ನೋಡಿದರು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ನೀರು ನೋಡಿದ.

ಆಗ ತಿಳಿಯಿತು. ನಾವು ಅವಳನ್ನು ಕರೆತಂದದ್ದಲ್ಲ, ಅವಳೇ ಹುಡುಕಲು ಬಂದಿದ್ದಳು. ಮಾದಾಪುರದ ಹೊಳೆ ಹಾರಂಗಿಗೆ, ಹಾರಂಗಿ ಕಾವೇರಿಗೆ, ಕಾವೇರಿ ಇಲ್ಲಿಗೆ. ಈ ದಾರಿಯನ್ನು ಅವಳು ಅದೆಷ್ಟು ಸಲ ಮನಸ್ಸಿನಲ್ಲೇ ನಡೆದಿದ್ದಳೋ. "ನಡುವೆ ಎರಡು ಡ್ಯಾಂ ಇದಾವಲ್ಲ ಅಕ್ಕ" ಅಂದೆ, ಮೆಲ್ಲಗೆ. ಅವಳು ತಿರುಗದೆಯೇ ಹೇಳಿದಳು: "ಆವತ್ತು ಗೇಟ್ ತೆಗೆದಿದ್ರಲ್ಲ." ಬ್ಯಾಗಿನ ಜಿಪ್ ಅರ್ಧ ತೆರೆದಿತ್ತು. ಒಳಗೆ ಬಿಪಿ ಮಾತ್ರೆಯ ಸ್ಟ್ರಿಪ್ ಕಾಣುತ್ತಿತ್ತು.

ಬೋಟು ತಿರುಗಿಸಿ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಘಟ್ಟ ಕಂಡಿತು. ಬಿಳಿ ಪಂಚೆಯಲ್ಲಿ ಭಾವನ ತಮ್ಮ. ಪಕ್ಕದಲ್ಲಿ ಪುರೋಹಿತರು, ಬಾಳೆಲೆ, ದರ್ಭೆ, ಎಳ್ಳಿನ ಬಟ್ಟಲು. ಅಕ್ಕ ತುಂಬಾ ಹೊತ್ತು ನೋಡಿದಳು. ಕಿರುಚಾಡುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಇಷ್ಟೇ.

"ದೀಪಂಗೆ ಗೊತ್ತಾ ಇದು?"

"ಗೊತ್ತು" ಅಂದೆ. ಗೊತ್ತಿತ್ತು. 'ಹೇಗಾದ್ರೂ ಮುಗಿಸಿ ಚಿಕ್ಕಮ್ಮ' ಅಂತ ಅತ್ತಿದ್ದವಳು ಅವಳೇ.

ಅಕ್ಕ ಸೀರೆ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಗೆ ಇಳಿದಳು. ಅಣ್ಣ ಕೈ ಕೊಡಲು ಹೋದ. ಹಿಡಿಯಲಿಲ್ಲ.

ಪುರೋಹಿತರಿಗೆ ಅವಸರ. ಸೂರ್ಯ ಆಗಲೇ ಮರಗಳ ತಲೆಗೆ ಬಂದಿದ್ದ. ಗೋತ್ರ ಕೇಳಿದರು. ಭಾವನ ತಮ್ಮ ತಡವರಿಸಿದಾಗ, ಗೊತ್ತಿಲ್ಲದಿದ್ದರೆ ಕಾಶ್ಯಪ ಅನ್ನಿ ಅಂದರು. ಆಮೇಲೆ, "ಮೃತರ ಹೆಸರು ಹೇಳಿ" ಅಂದರು.

ಭಾವನ ತಮ್ಮ ಬಾಯಿ ತೆರೆದ. ಭುಜ ಕುಲುಕಿಸಿ ಅಳತೊಡಗಿದ. ಪುರೋಹಿತರು ಅಣ್ಣನ ಕಡೆ ನೋಡಿದರು. ಅಣ್ಣ ತಲೆ ತಗ್ಗಿಸಿದ. ನನ್ನ ಕಡೆ ನೋಡಿದರು. ಔಷಧಿ ಚೀಟಿಯಲ್ಲಿ ಎಷ್ಟು ಸಲ ಬರೆದ ಹೆಸರು! ಅಕ್ಕ ಎದುರಿಗೇ ನಿಂತಿದ್ದಳು. ನನ್ನ ನಾಲಿಗೆ ಏಳಲಿಲ್ಲ.

"ಹೆಸರು ಹೇಳ್ರಪ್ಪಾ ಯಾರಾದ್ರೂ, ಹೊತ್ತಾಯ್ತು."

ಅಕ್ಕ ಹೇಳಿದಳು.

ಇನಿಷಿಯಲ್ ಸಮೇತ, ಸ್ಪಷ್ಟವಾಗಿ, ಶಾಲೆಯಲ್ಲಿ ಹಾಜರಿ ಕರೆಯುವಷ್ಟು ಗಟ್ಟಿಯಾಗಿ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರು ಅವಳ ಬಾಯಲ್ಲಿ ಬಂತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಪುರೋಹಿತರು ಮಂತ್ರ ಮುಂದುವರಿಸಿದರು. ಪಿಂಡ ನೀರಿಗೆ ಹೋಯಿತು, ಎಳ್ಳು ಹೋಯಿತು. ಕರಿಮಣಿಯ ಮಾತು ಎತ್ತಲು ಯಾರಿಗೂ ಧೈರ್ಯವಿರಲಿಲ್ಲ. ಅವಳೇ ಕೇಳಿದಳು, ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ ಹಾಗೆ: "ಇದನ್ನೂ ಈಗ್ಲೇ ತೆಗೀಬೇಕಾ?" ಪುರೋಹಿತರು, "ನಿಮ್ಮಿಷ್ಟ ತಾಯಿ" ಅಂದರು. ಇಷ್ಟವಂತೆ! ಅವಳ ಇಷ್ಟವನ್ನು ಆ ದಿನ ಕೇಳಿದ್ದು ಅದೊಂದೇ ಸಲ. ಅವಳು ತೆಗೆದು ನೀರಿಗೆ ಬಿಟ್ಟಳು.

ವಾಪಸ್ ಬರುವಾಗ ಅಕ್ಕ ಬೋಟಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಳು. ದಂಡೆಯ ಕಡೆ ಒಮ್ಮೆಯೂ ನೋಡಲಿಲ್ಲ.

"ಮೂರು ಜನ ಇದ್ರಿ" ಅಂದಳು. "ಒಬ್ರಾದ್ರೂ ಹೇಳ್ಬೋದಿತ್ತು. ನನ್ ಬಾಯಲ್ಲೇ ಹೇಳಿಸಿದ್ರಲ್ಲೇ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಆ ಕೈಯಲ್ಲಿಟ್ಟಳು. "ಅಂಗಡೀಲಿ ಇಟ್ಕೋ. ಡೇಟ್ ಇನ್ನೂ ಇದೆ."

ನಾನೀಗ ಕೇಳುವುದು ಇಷ್ಟು. ಕಾಯುವವರನ್ನು ಕಂಡರೆ ನಮಗೆ ಯಾಕಿಷ್ಟು ಕಿರಿಕಿರಿ? ಅಕ್ಕ ಯಾರಿಗೆ ಏನು ತೊಂದರೆ ಕೊಟ್ಟಿದ್ದಳು? ದಿನಾ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು, ಮಗಳನ್ನು ಓದಿಸಿದಳು, ನಗುತ್ತಿದ್ದಳು ಕೂಡ. ಒಂದು ಸಣ್ಣ ಸುಳ್ಳನ್ನು ತನ್ನ ಪಾಡಿಗೆ ತಾನು ಸಾಕಿಕೊಂಡಿದ್ದಳು. ಅವಳಿಗೆ ಸತ್ಯ ಗೊತ್ತಿರಲಿಲ್ಲ ಅಂತೀರಾ? ಮಣ್ಣು ಅಗೆಯುವಾಗ ಪಕ್ಕದಲ್ಲೇ ಕೂತಿದ್ದವಳು ಅವಳು. ಗೊತ್ತಿದ್ದೂ ಬದುಕಲು ಒಂದು ದಾರಿ ಮಾಡಿಕೊಂಡಿದ್ದಳು. ನಮಗೆ ಮಾತ್ರ ಎಲ್ಲವೂ ಮುಗಿದಿರಬೇಕು, ಎಲ್ಲದಕ್ಕೂ ಒಂದು ಸಹಿ ಬಿದ್ದಿರಬೇಕು. ಈ ಸಲ ಆ ಸಹಿಯನ್ನು ಅವಳಿಂದಲೇ ಹಾಕಿಸಿಕೊಂಡೆವು. ಇದು ಸರಿಹೋಗುತ್ತದೆ, ಕಾಲ ಎಲ್ಲವನ್ನೂ ಮರೆಸುತ್ತದೆ ಅಂತ ಬರೆದು ಕಾಲಂ ಮುಗಿಸುವುದು ನನಗೂ ಗೊತ್ತಿದೆ. ಆದರೆ ಸರಿಹೋಗುವುದಿಲ್ಲ. ಅವಳು ಈಗ ನಮ್ಮ ಜೊತೆ ಮಾತಾಡುತ್ತಾಳೆ, ಊಟ ಮಾಡಿದ್ರಾ ಅಂತ ಕೇಳುತ್ತಾಳೆ. ಅವಳ ಮುಖದಲ್ಲಿ ಮೊದಲು ಇದ್ದದ್ದೊಂದು ಈಗಿಲ್ಲ.

ಮದುವೆ ನಿಶ್ಚಯವಾಗಿದೆ. ಮೊನ್ನೆ ಹುಡುಗನ ಸೋದರಮಾವ ಫೋನ್ ಮಾಡಿ ತುಂಬಾ ಸಂತೋಷ ಅಂದರು, ಎಲ್ಲಾ ಕ್ರಮವಾಗಿ ಮುಗಿಸಿದ್ರಿ ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಇನ್ನೊಂದು ಮಾತು. ನಿಮ್ಮ ಅಕ್ಕನವರು ಧಾರೆ ಹೊತ್ತಿಗೆ ಮಂಟಪದ ಹತ್ರ ಬರೋದು ಬೇಡ. ಈಗ ಗೊತ್ತಲ್ಲ, ಸ್ವಲ್ಪ ಹಿಂದೆ ನಿಂತ್ಕೊಂಡ್ರೆ ಸಾಕು" ಅಂದರು.

ಹಿಂದೆ ಅಂದರೆ ಇನ್ನೂ ಎಷ್ಟು ಹಿಂದೆ, ಸ್ವಾಮಿ?