ಅಮೆರಿಕದ ಪಿಚರ್‌ಗೆ ಹೂಪ್ರಸಾದ

ನಾನು ನಿಂತಿದ್ದದ್ದು ಹರದನಹಳ್ಳಿಯ ಅಕ್ಕನ ಮನೆಯ ಬೀದಿ ಬಾಗಿಲ ಹೊಸ್ತಿಲಿನ ಹೊರಗೆ. ಹೋದ ವರ್ಷ, ಮುಂಗಾರು ಶುರುವಾದ ಮೇಲೆ, ಒಂದು ಬೆಳಿಗ್ಗೆ. ಆಗತಾನೆ ಬೆಳಕು ಹರಿದಿತ್ತು. ಚಾಮರಾಜನಗರದಿಂದ ಬೈಕಿನಲ್ಲಿ ಹೋಗಿದ್ದೆ.

ಒಳಗೆ ಯಾಕೆ ಹೋಗಲಿಲ್ಲ ಎಂದು ಕೇಳಬಹುದು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುತ್ತಿದ್ದವು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಹೋಗಬಾರದು. ನೀರು ತರುತ್ತೇನೆ ಎಂದು ಒಳಗೆ ಹೋದ ಅಕ್ಕ ಶಿವಮ್ಮ ನಡುಮನೆಯಲ್ಲೇ ನಿಂತುಬಿಟ್ಟಿದ್ದಳು, ಕೈಯಲ್ಲಿ ಚೊಂಬು. ಅವಳ ಗಂಡ ಮಹದೇವಸ್ವಾಮಿ ಭಾವ ಮನೆದೇವರ ಮುಂದೆ ಕಣ್ಣುಮುಚ್ಚಿ ಕೂತಿದ್ದರು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಮೊಬೈಲ್.

ಮಾದಪ್ಪನ ಹಿತ್ತಾಳೆ ಮುಖದ ಮೇಲೆ ಒಂದು ಒದ್ದೆ ಸೇವಂತಿಗೆ.

ಹೂಪ್ರಸಾದ ಕೇಳುವುದು ನಿಮಗೆ ಗೊತ್ತಿರುತ್ತದೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹೆಣ್ಣು ನೋಡಲು ಹೋಗುವ ಮುಂಚೆ ಕೇಳುತ್ತೇವೆ, ಬೋರ್ ಕೊರೆಸುವ ಮುಂಚೆ ಕೇಳುತ್ತೇವೆ. ಆ ಮನೆಯ ಕಟ್ಟಳೆ ಇನ್ನೂ ಬಿಗಿ. ಹೂ ಬೀಳುವವರೆಗೆ ದೇವರ ಮುಂದೆ ಯಾರೂ ಮಾತಾಡಬಾರದು, ಯಾರೂ ಹಾದುಹೋಗಬಾರದು.

ಭಾವ ಕೇಳುತ್ತಿದ್ದದ್ದು ಏನು? ಅಮೆರಿಕದ ಬೇಸ್‌ಬಾಲ್ ಮ್ಯಾಚಿಗೆ ಪಿಚರ್ ಯಾರನ್ನು ಹಾಕಲಿ ಎಂದು.

(ತಮಾಷೆಗೆ ಬರೆಯುತ್ತಿಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಟೀಮ್ ಮಾಡುವ ಆಟಕ್ಕೆ ಕಾನೂನು ಈಗ ಬೀಗ ಹಾಕಿದೆ. ಆಗ ಹಾಕಿರಲಿಲ್ಲ.) ಐಪಿಎಲ್ ಮುಗಿದ ಮೇಲೆ ಭಾವನಿಗೆ ಕೈ ಖಾಲಿ. ಗುಂಡ್ಲುಪೇಟೆಯ ಸ್ನೇಹಿತರೊಬ್ಬರು ಈ ದಾರಿ ತೋರಿಸಿದ್ದರು. ನಮ್ಮ ಬೆಳಗು ಅಮೆರಿಕದ ಸಂಜೆ, ಮ್ಯಾಚು ಶುರುವಾಗುವ ಹೊತ್ತು. ಟೀಮಿನಲ್ಲಿ ಎಷ್ಟು ಜನರಿದ್ದರೂ ಗೆಲುವೆಲ್ಲ ಮೊದಲು ಚೆಂಡು ಎಸೆಯುವ ಪಿಚರ್ ಮೇಲೆ. ಆ ಹೆಸರುಗಳು ಭಾವನ ನಾಲಿಗೆಗೆ ಹತ್ತುತ್ತಿರಲಿಲ್ಲ. ಒಬ್ಬ ಗಡ್ಡದವ, ಇನ್ನೊಬ್ಬ ಎಡಗೈಯವ. ಹಿಂದಿನ ದಿನ ಗಡ್ಡದವ ಒಳ್ಳೆ ಪಾಯಿಂಟ್ ತಂದುಕೊಟ್ಟಿದ್ದ. ಇವತ್ತೂ ಅವನನ್ನೇ ಹಾಕಲಾ? ಅದು ಪ್ರಶ್ನೆ.

ಹೂ ಬೀಳಲಿಲ್ಲ. ನಾನಿದ್ದ ಕಡೆಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು, ಅದು ಆ ಮುಖದ ಮೇಲಿನ ನಾಗನ ಹೆಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಅದು ಎಲ್ಲಿಂದ ಬಿದ್ದೀತು?

ಹುಳುವಿನ ಕೋಣೆಗೆ ಇರುವುದು ಒಂದೇ ಬಾಗಿಲು, ದೇವರ ಮುಂದೆಯೇ ಹಾದುಹೋಗಬೇಕು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತುತ್ತದೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಡುತ್ತದೆ. ಆ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ. ಹುಳು ಆರಿಸಲು ಬಂದ ಕೆಂಪಮ್ಮ, ಅವಳ ಸೊಸೆ ನಿಂಗಮ್ಮ ಕಂಬದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ಅಕ್ಕ ಒಮ್ಮೆ ಮೆಲ್ಲಗೆ, ಹುಳು ತಲೆ ಎತ್ತಿವೆ ಎಂದಳು. ಭಾವ ಕಣ್ಣು ತೆರೆಯಲಿಲ್ಲ. ಅಂಗೈ ಎತ್ತಿ ತೋರಿಸಿದರು, ಅಷ್ಟೇ. ಬಿಸಿಲು ಜಗುಲಿಯಿಂದ ನನ್ನ ಕಾಲಿಗೆ ಬಂತು, ಕಾಲಿನಿಂದ ಸೊಂಟಕ್ಕೆ ಏರಿತು. ಒಳಗೆ ಒಬ್ಬರೂ ಅಲುಗಲಿಲ್ಲ.

ಕೊನೆಗೆ ಅಲುಗಿದ್ದು ಭಾವನ ತಾಯಿ ಪುಟ್ಟತಾಯಮ್ಮ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವರು ಎದ್ದರು. ಮೊಣಕಾಲು ಹಿಡಿದುಕೊಂಡು ಬಂದರು. ಹೆಡೆಯ ಸಂದಿಯಿಂದ ಹೂವನ್ನು ಕಿತ್ತು ಅಕ್ಕನ ಮುಡಿಗೆ ಸಿಕ್ಕಿಸಿದರು.

‘ಪ್ರಸಾದ ಆಯ್ತು, ಓಗವ್ವ. ಉಳ ಎತ್ತು.’

ಭಾವ ಕಣ್ಣು ಬಿಟ್ಟರು. ‘ಏನವ್ವ ಇಂಗ್ ಮಾಡ್ಬುಟ್ಟೆ? ಯಾವ್ ಕೈಲಿ ತಗ್ದೆ?’

‘ಉಣ್ಣೋ ಕೈಲಿ ಕಣ್ಲಾ.’

ಬಲಗೈ. ಹಾಗಾದರೆ ಗಡ್ಡದವನೇ ಸರಿ ಎಂದು ಭಾವ ಬಟನ್ ಒತ್ತಿದರು. ಕೆಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಆಮೇಲೆ ತಿಳಿದುಕೊಂಡೆ. ಕ್ರಿಕೆಟ್ಟಿನ ಒಳ್ಳೆ ಬೌಲರ್ ಇವತ್ತೂ ಹಾಕುತ್ತಾನೆ, ಮರುದಿನವೂ ಹಾಕುತ್ತಾನೆ. ಬೇಸ್‌ಬಾಲಿನಲ್ಲಿ ಮೊದಲು ಎಸೆಯುವ ಪಿಚರ್ ಒಂದು ದಿನ ಎಸೆದರೆ ನಾಲ್ಕೈದು ದಿನ ಅವನ ತೋಳಿಗೆ ರೆಸ್ಟ್. ಗಡ್ಡದವ ಆ ದಿನ ಆಟಕ್ಕೇ ಇಳಿಯಲಿಲ್ಲ. ಪಾಯಿಂಟ್ ಸೊನ್ನೆ. ಅದಕ್ಕೆ ದೇವರೇನು ಮಾಡಬೇಕಿತ್ತು? ಅಮೆರಿಕದವರು ತೋಳಿಗೆ ಕೊಡುವ ರಜೆಯನ್ನು ನಾವು ನಮ್ಮ ಹೆಂಗಸರ ಸೊಂಟಕ್ಕೆ ಕೊಡುವುದಿಲ್ಲ. ಅಕ್ಕ ಆ ಹುಳು ಮೇಯಿಸಿದ ದಿನಗಳಲ್ಲಿ ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ.

ಹುಳು ಎಲ್ಲವೂ ಹಾಳಾಗಲಿಲ್ಲ. ಇದನ್ನು ಸರಿಯಾಗಿ ಹೇಳಬೇಕು. ಬಾಗಿಲ ಕಡೆಯ ಎರಡು ಅಟ್ಟಣೆಯ ಹುಳು ಮುಂಚೆ ಹಣ್ಣಾಗಿದ್ದವು, ಅವು ಹೋದವು. ಉಳಿದದ್ದನ್ನು ಮೂವರು ಹೆಂಗಸರು ಮಧ್ಯಾಹ್ನದವರೆಗೆ ಬಗ್ಗಿ ಆರಿಸಿ ಉಳಿಸಿದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಯಾರ ಮನೆಯಲ್ಲಿ ಇಂಥದ್ದು ಇಲ್ಲ? ಒಬ್ಬರ ಆಟ ಮುಗಿಯುವವರೆಗೆ ಮನೆಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುವುದು ನಮಗೆ ಹೊಸದಲ್ಲ.

ಆದರೆ ಮೊನ್ನೆ ಗುಂಡ್ಲುಪೇಟೆಯಲ್ಲಿ ನೆಂಟರ ಮದುವೆ. ಛತ್ರದಲ್ಲಿ ಊಟದ ಪಂಕ್ತಿ. ಎದುರು ಸಾಲಿನಲ್ಲಿ ಭಾವ ಪಕ್ಕದವರಿಗೆ ಹೇಳುತ್ತಿದ್ದರು, ಹೋದ ವರ್ಷ ಬೆಳೆ ಹೋದದ್ದು ಶಿವಮ್ಮ ನಿದ್ದೆ ಮಾಡಿದ್ದಕ್ಕೆ, ಹುಳು ತಲೆ ಎತ್ತಿದ್ದೂ ಅವಳಿಗೆ ಗೊತ್ತಾಗಲಿಲ್ಲ, ಇನ್ನು ಅವಳ ಕೈಗೆ ಹುಳು ಕೊಡುವುದಿಲ್ಲ, ಹಿಪ್ಪುನೇರಳೆ ಕಿತ್ತು ಅರಿಶಿನ ಹಾಕಿಸುತ್ತೇನೆ ಎಂದು. ಗಟ್ಟಿ ದನಿ. ಕೇಳಿದವರೆಲ್ಲ ತಲೆದೂಗಿದರು. ನಾನು ಹೂವಿನ ವಿಷಯ ಎತ್ತಿದೆ. ನೀನು ಹೊಸ್ತಿಲಾಚೆ ಇದ್ದವನು, ನಿನಗೇನು ಕಂಡೀತು ಅಂದುಬಿಟ್ಟರು. ಎಲ್ಲರೂ ನಕ್ಕರು.

ಅಕ್ಕ ಅದೇ ಸಾಲಿನ ಕೊನೆಯಲ್ಲಿದ್ದಳು. ಎಲೆಯ ಮೇಲಿನ ಅನ್ನವನ್ನು ಒಂದು ಕಡೆಗೆ ಸರಿಸುತ್ತಲೇ ಇದ್ದಳು. ಕೈ ತೊಳೆಯುವಲ್ಲಿ ಸಿಕ್ಕಿದಾಗ ಕೇಳಿದೆ, ಯಾಕೆ ಸುಮ್ಮನಿದ್ದೆ ಎಂದು.

‘ನಮ್ಮತ್ತೆ ಇದ್ದಿದ್ರ ಯೋಳರು ಕಣಪ್ಪ. ನಾ ಯೋಳುದ್ರ ಜಗಳ ಆಯ್ತದ.’

ಪುಟ್ಟತಾಯಮ್ಮ ದೀಪಾವಳಿಗೆ ಮುಂಚೆಯೇ ತೀರಿಕೊಂಡಿದ್ದರು. ಅಕ್ಕನಿಗೆ ಬರುತ್ತಿದ್ದ ಕೆಲಸ ಹುಳು ಸಾಕುವುದೊಂದು. ಊರು ಅವಳನ್ನು ಗುರುತಿಸುತ್ತಿದ್ದದ್ದೂ ಅದೊಂದರಿಂದಲೇ.

ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ನನ್ನ ಮಾತು ಬೇಡವೆಂದರೆ ಬೇಡ. ಕಂಬದ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದ ಕೆಂಪಮ್ಮ, ಅವಳ ಸೊಸೆ ನಿಂಗಮ್ಮ ಇಬ್ಬರೂ ಹರದನಹಳ್ಳಿಯಲ್ಲೇ ಬದುಕಿದ್ದಾರೆ, ಛತ್ರದಲ್ಲಿ ತಲೆದೂಗಿದ ನೀವು ಯಾರಾದರೂ ಅವರನ್ನು ಕೇಳಿದಿರಾ?